ಮೊಗೆ ಗದ್ದೆಯಲ್ಲಿ ತಾರ್ಲೆ ಬಲೆ

ದತ್ತಾ ತಾಂಡೇಲನಿಗೆ ನೆಲದ ಮೇಲೆ ಬೆಳೆಯುವ ಯಾವುದರ ಮೇಲೂ ಮರ್ಯಾದೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಮದಳ್ಳಿಯಲ್ಲಿ ಈಗ ಅವನನ್ನು ನೋಡಿದವರು ನಂಬುವುದಿಲ್ಲ. ಅನ್ನ, ಮೀನು ಇವೆರಡೇ ಊಟ, ಉಳಿದದ್ದೆಲ್ಲ ಬಾಯಿಚಪಲ ಎನ್ನುವ ಪೈಕಿ ಅವನು. ಅನ್ನವೂ ನೆಲದ್ದೇ ಅಲ್ಲವೇನೋ ಎಂದು ಯಾರಾದರೂ ಕೆಣಕಿದರೆ, "ಅದು ಅಂಗಡೀದು" ಎಂದು ಬಾಯಿ ಮುಚ್ಚಿಸುತ್ತಿದ್ದ. ತರಕಾರಿ ಬೆಳೆಯುವವರ ಮೇಲಂತೂ ಅವನಿಗೆ ಒಂದು ಬಗೆಯ ಕನಿಕರ. "ಬೀಜ ಬಿಸಾಕೂದು, ನೀರು ಹೊಯ್ಯೂದು, ನೆರಳಲ್ಲಿ ಕೂತು ಎಲೆ ಅಡಿಕೆ ಕವಳ ಹಾಕೂದು. ಅದೂ ಒಂದು ಕೆಲ್ಸವಾ? ಒಂದಿನ ದೋಣಿ ಹತ್ತಿ ನೋಡ್ಲಿ, ಗೊತ್ತಾಗ್ತದೆ!"

ಹೀಗೆ ಮಾತಾಡುವ ಹಕ್ಕು ಅವನಿಗಿತ್ತು ಅನ್ನೋಣ. ಮೀಸೆ ಮೂಡುವ ಮೊದಲೇ ದೋಣಿ ಹತ್ತಿದವನು. ನೀರಿನ ಬಣ್ಣ ನೋಡಿ ಅಡಿಯಲ್ಲಿರುವುದು ತಾರ್ಲೆಯೋ ಬಂಗಡೆಯೋ ಎಂದು ಹೇಳುತ್ತಿದ್ದ, ಹೇಳಿದ್ದು ಸುಳ್ಳಾದದ್ದು ಕಡಿಮೆ. ಹೋದ ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆ ಎಳೆಯುವಾಗ ಬಲಭುಜ ತಪ್ಪಿತು. ಡಾಕ್ಟರು ಭುಜ ಕೂರಿಸಿ, ಇನ್ನು ಮೇಲೆ ಏನನ್ನೂ ಎಳೆಯಬೇಡ ಎಂದುಬಿಟ್ಟರು. ಎಳೆಯಬೇಡ ಎಂದರೆ ಮೀನುಗಾರನಿಗೆ ಉಳಿಯುವುದೇನು? ದೋಣಿ ಮಗ ರೂಪೇಶನ ಕೈಗೆ ಹೋಯಿತು. ದತ್ತಾ ಜಗಲಿಯಲ್ಲಿ ಕೂತು ಊರವರ ಹರಿದ ಬಲೆ ಹೆಣೆಯತೊಡಗಿದ. ಕೈ ಚುರುಕು, ಕೆಲಸ ಬೇಗ ಮುಗಿಯುತ್ತಿತ್ತು. ಮಿಕ್ಕ ಹೊತ್ತೆಲ್ಲ ಹೆಂಡತಿ ಮಂಗಲಾಳ ಕೆಲಸದಲ್ಲಿ ಮೂಗು ತೂರಿಸುವುದು. ಮೀನಿನ ಬುಟ್ಟಿಯಲ್ಲಿ ಯಾವುದು ಮೇಲೆ ಇರಬೇಕು, ಯಾವುದು ಕೆಳಗೆ ಇರಬೇಕು ಎಂದು ಮೀನು ಮಾರಿ ಮಾರಿ ತಲೆ ನೆರೆತ ಮಂಗಲಾಳಿಗೇ ಅವನು ಪಾಠ ಹೇಳಲು ಶುರುಮಾಡಿದ. ಅವಳು ದೇವರ ಮುಂದೆ ದೀಪ ಹಚ್ಚುವಾಗ ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಬೇಡಿಕೊಳ್ಳುತ್ತಿದ್ದಳು. "ದೇವಾ, ಈ ಮನುಷ್ಯನಿಗೆ ಎಂತಾದ್ರೂ ಒಂದು ಕೆಲ್ಸ ಕೊಡು. ಮನೆಯಿಂದ ಹೊರಗಿಂದು ಕೊಡು."

ಕೆಲಸ ಬಂದದ್ದು ಬೊಮ್ಮುವಿನ ಕಡೆಯಿಂದ. ಬೊಮ್ಮು ಗುಡ್ಡದ ಬುಡದ ಹಾಲಕ್ಕಿ ಕೇರಿಯವಳು, ಕೊರಳ ತುಂಬ ಕರಿಮಣಿ, ಬಾಯಿ ತುಂಬ ನಗು. ಭಾನುವಾರ ಕಾರವಾರದ ಸಂತೆಗೆ ಅವಳೂ ಮಂಗಲಾಳೂ ಒಂದೇ ಟೆಂಪೋದಲ್ಲಿ ಹೋಗುವವರು. ಒಬ್ಬಳ ಬುಟ್ಟಿಯಲ್ಲಿ ಮೀನು, ಇನ್ನೊಬ್ಬಳದರಲ್ಲಿ ಹರಿವೆ, ಮೂಲಂಗಿ, ಹುಳಿಗೆ ಹಾಕುವ ಸೌತೆಯ ಜಾತಿಯ ಮೊಗೆಕಾಯಿ. ಬರುವಾಗ ಉಳಿದ ಮೀನು ಅವಳಿಗೆ, ಉಳಿದ ಮೊಗೆ ಇವಳಿಗೆ. ಈ ಏರ್ಪಾಡು ಯಾವಾಗ ಶುರುವಾಯಿತೆಂದು ಇಬ್ಬರಿಗೂ ನೆನಪಿಲ್ಲ.

ಆ ಭಾನುವಾರ ಬೊಮ್ಮುವಿನ ಮುಖದಲ್ಲಿ ನಗು ಇರಲಿಲ್ಲವಂತೆ. ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಮಂಗಲಾ ಹೇಳಿದಳು. "ಪಾಪ, ಅವಳ ಮೊಗೆ ಎರಡು ಸಲ ಹಾಕಿದ್ದೂ ಹೋಯ್ತಂತೆ. ಬೀಜ ಇಟ್ಟರೆ ಚೋರೆಹಕ್ಕಿ ಕೆದಕ್ತಾವಂತೆ, ಮೊಳಕೆ ಬಂದ್ರೆ ಪಿಕಳಾರ ಚಿವುಟ್ತಾವಂತೆ, ಅಷ್ಟರಲ್ಲೂ ಉಳಿದದ್ದನ್ನ ನವಿಲು ಬಂದು ಮುಗಿಸ್ತದಂತೆ. ತೆಂಗಿನ ಮಡ್ಲು ಮುಚ್ಚಿದ್ಲು, ಮುಳ್ಳು ಹಾಕಿದ್ಲು, ಹಳೇ ಸೀರೆ ಕಟ್ಟಿದ್ಲು. ನವಿಲು ಸೀರೆ ಪಕ್ಕದಲ್ಲೇ ನಿಂತು ತಿಂತಂತೆ."

"ಇದಕ್ಕೆ ಅಳೂದಾ?" ದತ್ತಾ ತಾರ್ಲೆಯ ಮುಳ್ಳು ಬಿಡಿಸುತ್ತ ನಕ್ಕ. "ಮೇಲೆ ಒಂದು ಬಲೆ ಹಾಕಿದ್ರೆ ಆಯ್ತು. ನಾ ಕಟ್ಟಿದ ಬಲೆ ದಾಟಿ ಒಂದು ಸೊಳ್ಳೆ ಹೋಗ್ಲಿ ನೋಡುವಾ."

ಅವನು ಕೈ ತೊಳೆದು ಬರುವುದರೊಳಗೆ ಮಂಗಲಾ ಫೋನಿನಲ್ಲಿ ಬೊಮ್ಮುವಿಗೆ ಮಾತು ಕೊಟ್ಟೂ ಆಗಿತ್ತು.

ಮರುದಿನ ಬೆಳಿಗ್ಗೆ ದತ್ತಾ ಅಟ್ಟದಿಂದ ತನ್ನ ತಾರ್ಲೆ ಬಲೆ ಇಳಿಸಿದ. ಭುಜ ತಪ್ಪುವ ಮುನ್ನ ಕಡೆಯ ಸಲ ನೀರಿಗೆ ಬಿಟ್ಟಿದ್ದ ಬಲೆ, ರೂಪೇಶನಿಗೂ ಕೊಡದೆ ಎತ್ತಿಟ್ಟದ್ದು. ಕಣ್ಣು ಸಣ್ಣ, ನೂಲು ಸಣ್ಣ, ಮೀನಿನ ವಾಸನೆ ಇನ್ನೂ ಹೋಗಿರಲಿಲ್ಲ. ಅದನ್ನು ಹೆಗಲಿಗೇರಿಸಿಕೊಂಡು ಕೊಯ್ಲಾದ ಗದ್ದೆಯ ಅಂಚು ಹಿಡಿದು ಹೊರಟಾಗ ಕೇರಿಯವರೆಲ್ಲ ಕೆಣಕುವವರೇ. "ತಾಂಡೇಲ್ರೇ, ಸಮುದ್ರ ಆ ಕಡೆ ಅದೆ!"

ಬೊಮ್ಮು ಅವನನ್ನು ಮೊದಲು ಗದ್ದೆಗೆ ಕರೆದೊಯ್ಯಲಿಲ್ಲ, ಮನೆಗೆ ಕರೆದಳು. ಜಗಲಿಯ ಮಾಡಿಗೆ ಬಾಳೆನಾರಿನ ನೆಲುವಿನಲ್ಲಿ ಒಂದೇ ಒಂದು ಮೊಗೆಕಾಯಿ ತೂಗುತ್ತಿತ್ತು. ಹಳದಿ ಮೈ, ಹಸಿರು ಗೀರು. ಅತ್ತೆಯ ಅತ್ತೆಯ ಕಾಲದಿಂದ ಆ ಮನೆಯಲ್ಲಿ ನಡೆದುಬಂದ ತಳಿ. ಬೇಸಗೆಯಲ್ಲಿ ಕೊಯ್ದು ತೂಗಿಸಿದರೆ ಮಳೆಗಾಲ ಕಳೆದರೂ ಕೊಳೆಯದು, ಚೌತಿಗೆ ಗಣಪತಿಯ ಮೇಲೆ ಹಣ್ಣು ಕಾಯಿ ತೂಗಿಬಿಡುವ ಫಲಾವಳಿಗೆ ಕಟ್ಟುವುದು ಅದನ್ನೇ. ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಬಡಿದು ಇಟ್ಟಿದ್ದಳು. ಎರಡು ಬಿತ್ತನೆಗೆ ಗೋಡೆ ಖಾಲಿಯಾಗಿತ್ತು.

"ಅಂಗಡಿ ಬೀಜ ತಂದು ಹಾಕೂಕೆ ಆಗೂದಿಲ್ವಾ?" ದತ್ತಾ ಕೇಳಿದ.

"ಅಂಗಡಿ ಮೊಗೆ ಚೌತಿ ತನ್ಕ ಇರ್ತದ್ಯಾ? ಮಳೆ ಬೀಳೂದ್ರೊಳಗೆ ನೀರಾಗ್ತದೆ." ಬೊಮ್ಮು ನೆಲುವು ಬಿಚ್ಚಿ ಕಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಒಂದು ಮಗ್ಗುಲು ಮೆತ್ತಗಾಗಿತ್ತು. "ಇದೊಂದೇ ಉಳಿದದ್ದು. ಇನ್ನು ಇಟ್ಟರೆ ಕೊಳೀತದೆ. ಇದ್ರ ಬೀಜವೂ ಹಕ್ಕಿ ಪಾಲಾದ್ರೆ ಈ ಮೊಗೆ ನಮ್ಮನೇಲಿ ಇಲ್ಲ ತಾಂಡೇಲ್ರೇ. ನಮ್ಮನೇಲಿ ಇಲ್ಲ ಅಂದ್ರೆ ಎಲ್ಲೂ ಇಲ್ಲ."

ಕಾಯಿ ಹೋಳಾದಾಗ ದತ್ತಾ ಇಣುಕಿದ. ಅರ್ಧ ಬೀಜ ಕಪ್ಪಾಗಿದ್ದವು. ಬೊಮ್ಮು ಒಳ್ಳೆಯವನ್ನು ಬೇರೆ ಮಾಡಿ, ಬೂದಿಯಲ್ಲಿ ಉಜ್ಜಿ ನೆರಳಿಗೆ ಹರಡಿದಳು. ಅವಳು ಒಂದೊಂದೇ ಬೀಜವನ್ನು ಎಣಿಸಿ ಇಡುವುದನ್ನು ಕಂಡು ಅವನ ಜಂಬ ಸ್ವಲ್ಪ ಇಳಿಯಿತು. ಪೂರ್ತಿ ಇಳಿಯಲಿಲ್ಲ.

ಬೀಜ ಒಣಗಿದ ಮೇಲೆ ಬೊಮ್ಮು ಗದ್ದೆಯ ಒಂದು ಮೂಲೆಯಲ್ಲಿ ಕುಣಿ ತೋಡಿ, ತರಗೆಲೆ ಸುಟ್ಟು, ಗೊಬ್ಬರ ಹಾಕಿ, ಬೀಜ ಊರಿದಳು. ದತ್ತಾ ಸುತ್ತಲೂ ಗೂಟ ನೆಟ್ಟು ಬಲೆ ಕಟ್ಟಿದ. ಅಂಚಿಗೆ ಸೀಸದ ಗುಂಡು, ನೆತ್ತಿಗೆ ನೀರಲ್ಲಿ ತೇಲುವ ಬೆಂಡು, ಎಲ್ಲ ಸಮುದ್ರದ ಪದ್ಧತಿಯೇ. ಕಟ್ಟುವ ಮೊದಲು ಅವನು ಬೊಮ್ಮುವನ್ನು ಕೂರಿಸಿಕೊಂಡು ವಿಚಾರಣೆ ಮಾಡಿದ್ದ. ಬರುವುದು ಯಾವ ಹಕ್ಕಿ, ಎಷ್ಟು ದಪ್ಪ, ಮೇಲಿಂದ ಬರುತ್ತದೋ ಅಡಿಯಿಂದ ನುಗ್ಗುತ್ತದೋ, ಒಂಟಿಯೋ ಹಿಂಡೋ. ಚೋರೆಹಕ್ಕಿ ಎಂದರೆ ಬಂಗಡೆಯ ಗಾತ್ರ, ಪಿಕಳಾರ ಎಂದರೆ ದೊಡ್ಡ ತಾರ್ಲೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡ. ನವಿಲಿಗೆ ಮಾತ್ರ ಸರಿಯಾದ ಮೀನು ಸಿಗಲಿಲ್ಲ.

"ಇದೆಂತಾ, ಇಷ್ಟು ಜೋಲು ಬಿಟ್ರಿ?" ಬೊಮ್ಮು ಬಲೆಯ ನಡುವನ್ನು ಬೆರಳಿಂದ ಎತ್ತಿ ನೋಡಿದಳು.

"ನಂಗೆ ಬಲೆ ಕಟ್ಟೂದು ಕಲಿಸ್ತ್ಯಾ?"

ಬೊಮ್ಮು ಬಲೆ ಬಿಟ್ಟು ತನ್ನ ಕೆಲಸಕ್ಕೆ ಹೋದಳು. ಗದ್ದೆಯ ನಾಲ್ಕು ಮೂಲೆಗೂ ಒಂದೊಂದು ಉದ್ದ ಕೋಲು ನೆಟ್ಟು, ತುದಿಗೆ ಅಡ್ಡ ಕಡ್ಡಿ ಕಟ್ಟಿದಳು. ಅದು ಕಾಜಾಣ ಕೂರಲಿಕ್ಕೆ. ಕಾಜಾಣಕ್ಕೆ ದತ್ತಾನ ಮನೆಮಾತಿನಲ್ಲಿ ಕೋತವಾಲ ಎನ್ನುತ್ತಾರೆ. ಕರ್ರಗೆ ಹೊಳೆಯುವ ಮೈ, ಸೀಳಿದ ಬಾಲ. ಮಿಡತೆ, ಹುಳ ತಿನ್ನುತ್ತದೆ, ಸಸಿ ಮುಟ್ಟುವುದಿಲ್ಲ, ಕಾಗೆಯನ್ನಂತೂ ಗದ್ದೆಗೆ ಇಳಿಯಲು ಬಿಡುವುದಿಲ್ಲ. ಒಂದು ಜೋಡಿ ಆ ಗದ್ದೆಯಲ್ಲೇ ಠಿಕಾಣಿ ಹೂಡಿತ್ತು. "ಇವ್ರು ನಮ್ಮ ಕಾವಲಿನವ್ರು," ಎಂದಳು ಬೊಮ್ಮು, ಮನೆಯವರ ಗುರುತು ಹೇಳುವ ಹಾಗೆ.

ಅಂದಿನಿಂದ ದತ್ತಾ ದಿನಾ ಬೆಳಿಗ್ಗೆ ಗದ್ದೆಗೆ ಹೋಗತೊಡಗಿದ. ಬಲೆ ನೋಡಿಕೊಂಡು ಬರುತ್ತೇನೆ ಎನ್ನುತ್ತಿದ್ದ. ಮಂಗಲಾ ದೇವರಿಗೆ ಒಂದು ತೆಂಗಿನಕಾಯಿ ಹೆಚ್ಚಿಗೆ ಒಡೆದಳು.

ಒಂದು ಬೆಳಿಗ್ಗೆ ಗುಂಡು ಸರಿಮಾಡಲು ಬಗ್ಗಿದವನಿಗೆ ಕುಣಿಯ ಮಣ್ಣು ಬಿರಿದದ್ದು ಕಂಡಿತು. ಹೆಂಟೆಯೊಂದು ಮುಚ್ಚಳದಂತೆ ಮೇಲಕ್ಕೆ ಎದ್ದಿತ್ತು.

"ಬೊಮ್ಮೂ! ಇಲ್ಲಿ ಇಲಿ ಬಂದದೆ!"

ಬೊಮ್ಮು ಕೊಡ ಇಳಿಸಿ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಲಿಯಲ್ಲ ಮಾರಾಯ್ರೇ. ಮೊಗೆ!"

ದತ್ತಾ ಕುಕ್ಕರಗಾಲಲ್ಲಿ ಕೂತ. ಹೆಂಟೆಯ ಅಡಿಯಲ್ಲಿ ಬೆಳ್ಳಗಿನ, ನೂಲಿನಷ್ಟು ತೆಳ್ಳಗಿನದೊಂದು ಬೆನ್ನು ಬಗ್ಗಿಸಿ ನಿಂತಿತ್ತು. ತಲೆ ಇನ್ನೂ ಮಣ್ಣಿನೊಳಗೇ. ಪಕ್ಕದ ಕುಣಿಯಲ್ಲಿ ಇನ್ನೊಂದು ತಲೆ ಹೊರಗೆ ತೆಗೆದಿತ್ತು, ಒಡೆದ ಬೀಜದ ಸಿಪ್ಪೆ ಟೊಪ್ಪಿಯ ಹಾಗೆ ನೆತ್ತಿಯ ಮೇಲೆ. ಅವನು ನೋಡಿದ. ಬಿಸಿಲು ಬೆನ್ನು ಸುಡುವ ತನಕ ನೋಡಿದ. ಉಗುರಿನಿಂದ ಹೆಂಟೆಯನ್ನು ಮುಟ್ಟಿದ, ಗಟ್ಟಿ ಮಣ್ಣು. ಇದನ್ನು ಆ ನೂಲು ಎತ್ತಿತ್ತು.

ಅವನ ಆಯುಷ್ಯದಲ್ಲಿ ಕೆಳಗಿಂದ ಮೇಲೆ ಬಂದದ್ದೆಲ್ಲ ಎಳೆದದ್ದರಿಂದಲೇ ಬಂದದ್ದು. ಬಲೆ, ಲಂಗರು, ದೋಣಿ, ಒಮ್ಮೆ ಮುಳುಗಿದ ತಮ್ಮನೂ. ಎಳೆಯದೆ ಯಾವುದೂ ಬಂದದ್ದಿಲ್ಲ.

"ಇದನ್ನ ಯಾರು ಎಳೀತಾರೆ ಬೊಮ್ಮೂ?" ಎಂದು ಕೇಳಿದ. ತಮಾಷೆಗೆ ಅಲ್ಲ.

"ಯಾರೂ ಎಳೆಯೂದಿಲ್ಲ. ಅದೇ ಬತ್ತದೆ."

"ಅರೇ ದೇವಾ," ಎಂದ ದತ್ತಾ. ಮನೆಗೆ ಹೋಗಿ ಮಂಗಲಾಳಿಗೂ ಹೇಳಿದ. "ಅದೇ ಬರ್ತದಂತೆ ಮಾರಾಯ್ತಿ! ಯಾರೂ ಎಳೆಯೂದಿಲ್ಲ!" ಅರವತ್ತು ದಾಟಿದ ಗಂಡನಿಗೆ ಬೀಜ ಮೊಳೆಯುತ್ತದೆಂದು ಇವತ್ತು ಗೊತ್ತಾಯಿತಲ್ಲ ಎಂದು ಮಂಗಲಾ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಟೊಪ್ಪಿ ಕಳಚಿ ಜೋಡಿ ಎಲೆ ಬಿಚ್ಚಿದವು. ಜೋಡಿ ಎಲೆಯ ನಡುವೆ ಸಣ್ಣ ಸಣ್ಣ ರೋಮದ ಮೂರನೆಯ ಎಲೆ ಇಣುಕಿತು. ನವಿಲುಗಳು ಬಲೆಯ ಸುತ್ತ ಕೊರಳು ಉದ್ದ ಮಾಡಿ ತಿರುಗಿ, ಸೋತು, ಪಕ್ಕದ ಗದ್ದೆಗೆ ಹೋಗುತ್ತಿದ್ದವು. ದತ್ತಾನ ಎದೆ ಮತ್ತೆ ಉಬ್ಬಿತು. ಅವನ ಗ್ರಹಚಾರ, ಅಲ್ಲಿಗೇ ನಿಲ್ಲಲಿಲ್ಲ.

ಮಂಜು ಇನ್ನೂ ಕರಗದ ಒಂದು ಬೆಳಿಗ್ಗೆ ಗದ್ದೆಯ ಅಂಚಿಗೆ ಬಂದವನಿಗೆ ದೂರದಿಂದಲೇ ಬಲೆ ಅಲುಗುವುದು ಕಂಡಿತು. ನೆತ್ತಿಯ ಬೆಂಡುಗಳು ಕುಣಿಯುತ್ತಿದ್ದವು. ಕುಣಿಯುವ ಬೆಂಡು ಕಂಡರೆ ಮೀನುಗಾರನ ಮೈಯಲ್ಲಿ ಏನಾಗುತ್ತದೆಂದು ಮೀನುಗಾರನಿಗೇ ಗೊತ್ತು. ಭುಜದ ನೋವು ಮರೆತು ಅವನು ಓಡಿದ.

"ಬಿತ್ತು! ಬಿತ್ತು ಬೊಮ್ಮೂ! ಬಲೆಗೆ ಬಿತ್ತು!"

ಖುಷಿಯಿಂದಲೇ ಕೂಗಿದ. ಬಲೆಗೆ ಏನಾದರೂ ಬಿದ್ದರೆ ಖುಷಿಪಡುವುದು ಬಿಟ್ಟು ಬೇರೆ ಏನನ್ನೂ ಅವನು ಕಲಿತಿರಲಿಲ್ಲ. ಬೊಮ್ಮು ಮನೆಯ ಕಡೆಯಿಂದ ಓಡಿ ಬಂದಳು. ಬಂದು ನೋಡಿದಳು. ಅವಳ ಮುಖ ನೋಡಿದ ಮೇಲೆ ಅವನು ಬಲೆಯನ್ನು ಸರಿಯಾಗಿ ನೋಡಿದ.

ಕೋತವಾಲ. ಮಿಡತೆಯ ಬೆನ್ನು ಹತ್ತಿ ಕೆಳಕ್ಕೆ ಎರಗಿದ್ದಿರಬೇಕು. ಜೋಲು ಬಿದ್ದ ಬಲೆ ಮೈಗೆಲ್ಲ ಸುತ್ತಿಕೊಂಡಿತ್ತು, ಒದ್ದಾಡಿದಷ್ಟೂ ಬಿಗಿಯುತ್ತಿತ್ತು. ಒಂದು ರೆಕ್ಕೆ ಬೆನ್ನ ಮೇಲಕ್ಕೆ ತಿರುಚಿತ್ತು. ಜೋಡಿಯ ಇನ್ನೊಂದು ಹಕ್ಕಿ ಕಿರುಚುತ್ತ ಮೇಲಿಂದ ಎರಗಿ ದತ್ತಾನ ತಲೆಗೆ ಕುಕ್ಕಿತು. ಮತ್ತೆ ಎದ್ದು ಹೋಗಿ ಮತ್ತೆ ಕುಕ್ಕಿತು. ಮುಷ್ಟಿಯಷ್ಟು ಹಕ್ಕಿ, ಆಳೆತ್ತರದ ಗಂಡಸಿನ ಮೇಲೆ! ಅವನು ತಲೆ ತಪ್ಪಿಸಿಕೊಳ್ಳಲಿಲ್ಲ. ತನಗೆ ಅದು ತಕ್ಕದ್ದೇ ಎನಿಸಿತು.

ಆಗ ಅವನಿಗೆ ತಾನು ಮಾಡಿದ್ದು ಗೊತ್ತಾಯಿತು. ಮೀನಿನ ಬಲೆಯನ್ನು ಬಿಗಿಯಾಗಿ ಕಟ್ಟುವುದಿಲ್ಲ. ಬಿಗಿಯಾಗಿದ್ದರೆ ಮೀನು ಮೂತಿ ತಾಗಿಸಿ ಹಿಂದಕ್ಕೆ ತಿರುಗುತ್ತದೆ. ಜೋಲು ಬಿಟ್ಟರೆ ನುಗ್ಗುತ್ತದೆ, ಸುತ್ತಿಕೊಳ್ಳುತ್ತದೆ. ಬೊಮ್ಮು ಕೇಳಿದ್ದು ತಡೆಯುವ ಬಲೆ. ಅವನ ಕೈ ಕಟ್ಟಿದ್ದು ಹಿಡಿಯುವ ಬಲೆ.

ಬಲೆಯಿಂದ ಮೀನು ಬಿಡಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ತಲೆ ಮುಂದಕ್ಕೆ ತಳ್ಳಿದರೆ ಆಯಿತು. ಹಕ್ಕಿಗೆ ರೆಕ್ಕೆ ಇತ್ತು. ಎಲ್ಲಿ ತಳ್ಳಿದರೂ ಅದು ಕೀರುತ್ತಿತ್ತು. ಅವನು ಸೊಂಟದ ಚಾಕು ತೆಗೆದ. ಅನ್ನ ಹಾಕುವ ಬಲೆಗೆ ಕಬ್ಬಿಣ ತಾಗಿಸಬಾರದು ಎಂದು ಅಪ್ಪ ಹೇಳಿಕೊಟ್ಟಿದ್ದ. ಇಷ್ಟು ವರ್ಷ ತಾಗಿಸಿರಲೂ ಇಲ್ಲ. ಇವತ್ತು ಹಕ್ಕಿಯ ಸುತ್ತಲಿನ ಬಲೆಯನ್ನೇ ತುಂಡಾಗಿ ಕೊಯ್ದು ತೆಗೆದು, ಮಡಿಲಲ್ಲಿ ಇಟ್ಟುಕೊಂಡು, ಒಂದೊಂದೇ ನೂಲು ಕತ್ತರಿಸಿದ.

ಕಡೆಯ ನೂಲು ಬಿಟ್ಟಾಗ ಹಕ್ಕಿ ಅವನ ಅಂಗೈಯಲ್ಲಿ ಇತ್ತು. ದತ್ತಾ ಬೆಚ್ಚಿದ. ಅದು ಬಿಸಿಯಾಗಿತ್ತು! ಲಕ್ಷಗಟ್ಟಲೆ ಜೀವ ಆ ಕೈಯಲ್ಲಿ ಹಾದುಹೋಗಿದ್ದವು, ಎಲ್ಲ ತಣ್ಣಗಿನವು. ಇದು ಸುಡುತ್ತಿತ್ತು. ತೂಕವೇ ಇಲ್ಲ, ಆದರೆ ಎದೆ ಬಡಿಯುವುದು ಅವನ ಮೊಣಕೈ ತನಕ ಬರುತ್ತಿತ್ತು. ಕೆಂಪು ಕಣ್ಣಿನಿಂದ ಅದು ಅವನನ್ನು ನೋಡಿತು. ಹೆದರಿಕೆ ಇರಲಿಲ್ಲ, ಸಿಟ್ಟೇ ಇತ್ತು. ಬಾಗಿ ಅವನ ಹೆಬ್ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿ, ರೆಕ್ಕೆ ಕೊಡವಿ, ಓರೆಯಾಗಿ ಹಾರಿ, ಮೂಲೆಯ ಕೋಲಿನ ಮೇಲೆ ಹೋಗಿ ಕೂತಿತು. ದತ್ತಾ ತೆರೆದ ಅಂಗೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದ.

"ತೆಗೀರಿ ಬಲೆ," ಎಂದಳು ಬೊಮ್ಮು.

"ಬಲೆ ತೆಗೆದ್ರೆ ಸಂಜೆಯೊಳಗೆ ಸಸಿ ಇರೂದಿಲ್ಲ, ಬೊಮ್ಮೂ."

"ಗೊತ್ತು ನಂಗೆ." ಅವಳು ಕೋಲಿನ ಮೇಲಿನ ಹಕ್ಕಿಯ ಕಡೆ ಕೈ ಮಾಡಿದಳು. "ನನ್ನ ಬೀಜ ಉಳೀಲಿ ಹೇಳಿ ಕಾವಲಿನವ್ರನ್ನ ಕೊಲ್ಲೂದಾ? ಬ್ಯಾಡ. ಮೊಗೆ ಹೋದ್ರೆ ಹೋಗ್ಲಿ. ತೆಗೀರಿ." ಹೇಳಿದವಳು ಅಂಚಿನ ಮೇಲೆ ಕೂತು ಅತ್ತಳು.

ದತ್ತಾನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಗಂಟು ಬಿಚ್ಚಿ ಬಲೆ ಇಳಿಸಿದ. ಬೆಂಡು ಕಿತ್ತು ಎಸೆದ. ಆಮೇಲೆ ಬೊಮ್ಮುವಿನ ಎದುರು ನಿಂತು ಕೇಳಿದ. "ಬಿದಿರ ಸೀಳು ಅದೆಯಾ ಮನೇಲಿ? ಬಗ್ಗಿಸಿ ಕಮಾನು ಮಾಡುವಾ. ಬಲೆಯನ್ನ ಅದರ ಮೇಲೆ ಎಳೆದು ಕಟ್ಟಿದ್ರೆ ಹಕ್ಕಿ ಕೂತ್ರೂ ಬೀಳೂದಿಲ್ಲ, ನೆಗೆದು ಹೋಗ್ತದೆ. ಆದ್ರೆ ಬಿಗಿಯಾಗಿ ಎಳೀಬೇಕು. ನನ್ನ ಭುಜಕ್ಕೆ ಆಗೂದಿಲ್ಲ. ನೀ ಎಳೀಬೇಕು."

ಬೊಮ್ಮು ಮೂಗು ಒರೆಸಿಕೊಂಡು ಎದ್ದಳು.

ಬಿಸಿಲೇರುವ ತನಕ ಸೀಳು ಬಗ್ಗಿಸಿದರು. ದತ್ತಾ ಸಸಿಗಳ ನಡುವೆ ಕೂತು ಕೊಯ್ದ ತೂತಿಗೆ ಹೊಸ ಕಣ್ಣು ಹೆಣೆಯುತ್ತಿದ್ದ, ಬೊಮ್ಮು ಇನ್ನಷ್ಟು ಸೀಳು ತರಲು ಮನೆಗೆ ಹೋಗಿದ್ದಳು. ತಲೆ ಎತ್ತಿದರೆ ನವಿಲಿನ ಹಿಂಡು ಗದ್ದೆಯೊಳಗೇ ಬಂದಿತ್ತು. ಅವನು ಏಳಬೇಕೆಂದರೆ ಕಾಲು ಜೋಮು ಹಿಡಿದಿತ್ತು. "ಹೋಯ್! ಹೋಯ್!" ಎಂದ. ದೊಡ್ಡ ಗಂಡು ನವಿಲು ಅವನನ್ನು ಗಣನೆಗೇ ತೆಗೆದುಕೊಳ್ಳದೆ ಮೊದಲ ಕುಣಿಗೆ ಕೊರಳು ಬಗ್ಗಿಸಿತು.

ಕೋಲಿನ ಮೇಲಿಂದ ಕರ್ರಗಿನದೊಂದು ಬಿತ್ತು. ಬಿತ್ತು ಎನ್ನುವುದೇ ಸರಿ, ಹಾರಿದ ಹಾಗೆ ಇರಲಿಲ್ಲ. ನವಿಲಿನ ನೆತ್ತಿಗೆ ಬಡಿದು ಮೇಲೆದ್ದಿತು. ಇನ್ನೊಂದು ಬೆನ್ನಿಗೆ ಬಡಿಯಿತು. ಮತ್ತೆ ಮೊದಲನೆಯದು, ಓರೆಯಾಗಿ ಹಾರುತ್ತಿತ್ತು, ಒಂದು ರೆಕ್ಕೆಯಲ್ಲಿ ಗರಿ ಕಿತ್ತುಹೋಗಿತ್ತು. ದತ್ತಾನ ಕೈಯಲ್ಲಿ ಬೆಳಿಗ್ಗೆ ಸುಟ್ಟದ್ದು ಅದೇ. ತನ್ನ ಹತ್ತು ಪಾಲು ಇರುವ ನವಿಲನ್ನು ಅದು ಅಂಚಿನಾಚೆಗೆ ಅಟ್ಟಿತು. ಅಟ್ಟಿ ಬಂದು ಕೋಲಿನ ಮೇಲೆ ಕೂತು ಗರಿ ಸರಿಮಾಡಿಕೊಂಡಿತು. ದತ್ತಾ ಬಾಯಿ ತೆರೆದವನು ಮುಚ್ಚಲಿಲ್ಲ. ಬಿರುಗಾಳಿಯಲ್ಲಿ ದೋಣಿ ದಡ ಸೇರಿದಾಗ ಮುಗಿದಂತೆ ಅವನ ಕೈ ತಾನಾಗಿ ಮುಗಿದಿತ್ತು.

ಬೊಮ್ಮು ಬಂದಾಗ ನಡೆದದ್ದನ್ನೆಲ್ಲ ಹೇಳಿದ. "ನೋಡು, ಬಿಡಿಸಿದ್ದು ಅದಕ್ಕೆ ನೆನಪದೆ."

"ನಿಮಗಾಗಿ ಮಾಡ್ಲಿಲ್ಲ ಅದು," ಬೊಮ್ಮು ಮುಲಾಜಿಲ್ಲದೆ ಅಂದಳು. "ಇಲ್ಲಿದ್ದಷ್ಟು ಹೊತ್ತು ದಿನಾ ಮಾಡ್ತದೆ. ನೀವು ಇವತ್ತು ನೋಡಿದ್ರಿ, ಅಷ್ಟೇ."

ಆಮೇಲೆ ಇಬ್ಬರೂ ಬಲೆ ಎಳೆದರು. ದತ್ತಾ ಒಂದು ತುದಿಯಲ್ಲಿ ಗೂಟಕ್ಕೆ ಗಂಟು ಹಾಕಿ, ದಡದಲ್ಲಿ ನಿಂತು ಆಳುಗಳಿಂದ ಬಲೆ ಎಳೆಸುವ ತಾಂಡೇಲನ ಗತ್ತಿನಲ್ಲೇ ಕೂಗಿದ. "ಎಳಿ! ಇನ್ನೂ ಎಳಿ! ಬಿಡ್ಬೇಡಾ!" ಬೊಮ್ಮು ಸೆರಗು ಸೊಂಟಕ್ಕೆ ಬಿಗಿದು, ಹಿಮ್ಮಡಿ ಮಣ್ಣಿಗೆ ಊರಿ ಎಳೆದಳು. "ಇಷ್ಟು ಎಳೆಯೂ ಹೊತ್ತಿಗೆ ಮೀನು ಸಿಕ್ಕಬೇಕಿತ್ತು ಮಾರಾಯ್ರೇ!" ಎಂದು ನಗತೊಡಗಿದಳು. ಬಲೆ ಕಮಾನುಗಳ ಮೇಲೆ ಬಿಗಿದು ನಿಂತಿತು. ಬೆರಳಿನಿಂದ ಮೀಟಿದರೆ ಝಂಯ್ ಎಂದಿತು.

ಮರುದಿನ ಬೆಳಿಗ್ಗೆ ದತ್ತಾ ಗದ್ದೆಗೆ ಹೋಗುವ ದಾರಿಯಲ್ಲಿ ನಡಿಗೆ ನಿಧಾನ ಮಾಡಿದ. ನೋಡಲು ಧೈರ್ಯ ಸಾಲಲಿಲ್ಲ. ಅಂಚಿಗೆ ಬಂದು ನಿಂತ. ಬಲೆಯ ಕಣ್ಣು ಕಣ್ಣಿಗೂ ಮಂಜಿನ ಹನಿ. ಒಂದು ಪಿಕಳಾರ ಬಂದು ಅದರ ಮೇಲೆ ಕೂತಿತು, ಚೆಂಡಿನ ಹಾಗೆ ಪುಟಿದು ಹಾರಿಹೋಯಿತು. ಒಳಗೆ ಸಸಿಗಳು ಮೂರನೆಯ ಎಲೆ ಬಿಚ್ಚಿ ನಿಂತಿದ್ದವು. ಕೋಲಿನ ಮೇಲೆ ಕೋತವಾಲಗಳು ಎರಡೂ ಇದ್ದವು.

ರಸ್ತೆಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ರೂಪೇಶ ಅಪ್ಪನನ್ನು ಕಂಡು ಗಾಡಿ ನಿಲ್ಲಿಸಿ ಚೇಷ್ಟೆ ಮಾಡಿದ. "ಬಾಬಾ, ಬಲೆಗೆ ಎಂತಾ ಬಿತ್ತು ಇವತ್ತು?"

"ಏನೂ ಬೀಳ್ಲಿಲ್ಲ!" ದತ್ತಾ ಎರಡೂ ಕೈ ಮೇಲೆತ್ತಿ ಕೂಗಿದ. ನೋಯುವ ಭುಜವೂ ಮೇಲೆದ್ದಿತ್ತು. "ಖಾಲಿ ರೂಪೇಶಾ! ಪೂರಾ ಖಾಲಿ!"

ಅಪ್ಪನ ಬಾಯಿಂದ ಆ ಮಾತು ಇಷ್ಟು ಸಂತೋಷದಲ್ಲಿ ಬಂದದ್ದನ್ನು ರೂಪೇಶ ಹಿಂದೆಂದೂ ಕೇಳಿರಲಿಲ್ಲ.

ಬೇಸಗೆಯಲ್ಲಿ ಮೊಗೆ ಕೊಯ್ದರು. ಬೊಮ್ಮುವಿನ ಮನೆಯ ಮಾಡು ತುಂಬಿ, ಗೋಡೆಗೂ ಬೀಜ ಕಲಸಿದ ಹೊಸ ಸಗಣಿ ಬೆರಣಿ ಬಂದವು. ಒಂದು ಸಂಜೆ ಅವಳು ಎಲ್ಲಕ್ಕಿಂತ ಬಲಿತ, ಗೀರು ಚೆಂದ ಬಂದ ಕಾಯೊಂದನ್ನು ತಂದು ದತ್ತಾನ ಜಗಲಿಯಲ್ಲಿ ಇಟ್ಟಳು. ಮಂಗಲಾ ಅವತ್ತಷ್ಟೇ ಒಳ್ಳೆಯ ಸಿಗಡಿ ಆರಿಸಿಟ್ಟಿದ್ದಳು. ಸಿಗಡಿ, ಮೊಗೆ ಹಾಕಿದ ಹುಳಿಯ ನೆನಪಿಗೇ ಬಾಯಲ್ಲಿ ನೀರೂರಿ ಈಳಿಗೆ ಮಣೆ ಎಳೆದಳು.

"ಮುಟ್ಬೇಡ!" ದತ್ತಾ ಅರಚಿದ್ದಕ್ಕೆ ಪಕ್ಕದ ಮನೆಯವರೂ ಹೊರಗೆ ಬಂದರು.

"ತಿನ್ನೂಕಲ್ಲ ಮಂಗಲಬಾಯೀ," ಎಂದಳು ಬೊಮ್ಮು. "ಇದು ಬೀಜದ್ದು. ನಮ್ಮನೇಲಿ ಒಂದೇ ಕಡೆ ಇದ್ದದ್ದಕ್ಕೇ ಅಲ್ವಾ ಜೀವ ಬಾಯಿಗೆ ಬಂದದ್ದು? ಇನ್ನು ನಿಮ್ಮನೇಲೂ ಇರ್ಲಿ. ನಾಳೆ ನನ್ನದು ಹೋದ್ರೆ ನಿಮ್ಮಲ್ಲಿಗೆ ಕೇಳೂಕೆ ಬತ್ತೆ."

ದತ್ತಾ ಎದ್ದ. ಒಳಗೆ ಹೋಗಿ, ಕೋತವಾಲವನ್ನು ಬಿಡಿಸುವಾಗ ಕೊಯ್ದು ಎತ್ತಿಟ್ಟಿದ್ದ ಬಲೆಯ ತುಂಡು ತಂದ. ಹರಿದ ಕಣ್ಣು ಮತ್ತೆ ಹೆಣೆದು, ಬಾಯಿಗೆ ಹಗ್ಗ ಪೋಣಿಸಿ, ನೆಲುವು ಮಾಡಿದ. ಮೊಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅದರೊಳಗೆ ಕೂರಿಸಿ, ಮಾಡಿನ ಅಡ್ಡಕ್ಕೆ ಕಟ್ಟಿದ. ಮಳೆಗಾಲ ಇಡೀ ಅದು ಅಲ್ಲೇ ತೂಗಿತು. ಚೌತಿಗೆ ತಾಂಡೇಲರ ಮನೆಯ ಗಣಪತಿಯ ಮೇಲೆ ಅದನ್ನೇ ಕಟ್ಟಿದರು. ನೋಡಲು ಬಂದ ಮೀನುಗಾರರಿಗೆಲ್ಲ ದತ್ತಾ ಒಂದೇ ಮಾತು ಹೇಳುತ್ತಿದ್ದ. "ಇದನ್ನ ಯಾರೂ ಎಳೆಯೂದಿಲ್ಲ ಗೊತ್ತದೆಯಾ? ಅದೇ ಬರ್ತದೆ."